ಕಡಲು ಕಾಯುವ ಖರ್ಚು ಯಾರ ತಲೆ ಮೇಲೆ?

ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ದಂಡೆ ಮತ್ತು ಅದರ ಎದುರಿನ ನೀರು ಸೇರಿಸಿ ಸುಮಾರು 59 ಚದರ ಕಿಲೋಮೀಟರ್ ಜಾಗವನ್ನು ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ಮಾಡಲು ಸರ್ಕಾರ ಮುಂದಾದಾಗ ಬಹಳ ಜನ ಖುಷಿಪಟ್ಟರು. ನಾನೂ ಪಟ್ಟೆ. ಆದರೆ ಇಂಥ ಸುದ್ದಿಯಲ್ಲಿ ಒಂದು ಪ್ರಶ್ನೆ ಯಾವಾಗಲೂ ಹಿಂದೆ ಬೀಳುತ್ತದೆ. ಇದನ್ನು ಕಾಯುವ ಖರ್ಚು ಯಾರು ಕೊಡುತ್ತಾರೆ? ಬೋರ್ಡ್ ಹಾಕುವ ದಿನದ ಖರ್ಚಲ್ಲ, ವರ್ಷಾ ವರ್ಷಾ ಬರುವ ಖರ್ಚು.

ಬೆಳಗಾವಿಯಲ್ಲಿ ಕೂತವರಿಗೆ ಕಡಲಿನ ಚಿಂತೆ ಯಾಕೆ ಅಂತ ಕೇಳಬಹುದು. ನಮಗೆ ಕಡಲಿಲ್ಲ, ಆದರೆ ಕಡಲ ಮೀನು ದಿನಾ ಬರುತ್ತದೆ. ಅಂಬೋಲಿ, ಚೋರ್ಲಾ, ಅನಮೋಡ ಘಾಟ್ ಹತ್ತಿ ಬರುವ ಗಾಡಿಗಳಲ್ಲಿ ಥರ್ಮಾಕೋಲ್ ಡಬ್ಬಿ, ಡಬ್ಬಿಯೊಳಗೆ ಪುಡಿ ಐಸು, ಐಸಿನ ನಡುವೆ ಬಂಗಡೆ, ಸುರಮಾಯಿ, ತಾರ್ಲೆ, ಸಿಗಡಿ. ಶನಿವಾರ–ಭಾನುವಾರ ರಜೆ ಸಿಕ್ಕರೆ ನಮ್ಮ ಗಾಡಿಗಳೇ ಅದೇ ಘಾಟ್ ಇಳಿದು ಗೋವಾ, ಕಾರವಾರ, ಮಾಲ್ವಣ ಮುಟ್ಟುತ್ತವೆ. ಕಡಲಿನ ಲಾಭ ಘಾಟ್ ಮೇಲಿನವರಿಗೂ ಬರುತ್ತಿದೆ. ಹಾಗಾದರೆ ಅದರ ಖರ್ಚಿನಲ್ಲಿ ನಮ್ಮ ಪಾಲು ಎಷ್ಟು ಅನ್ನುವುದು ನಾವೇ ಕೇಳಿಕೊಳ್ಳಬೇಕಾದ ಮಾತು, ಅಲ್ವಾ?

ಮೊದಲು ಖರ್ಚು ಏನೇನು ಅಂತ ನೋಡೋಣ.

ಕಾಡಿನ ಗಡಿ ಕಣ್ಣಿಗೆ ಕಾಣುತ್ತದೆ. ಖಾನಾಪುರದ ಭೀಮಗಡ ಅಭಯಾರಣ್ಯ 190 ಚದರ ಕಿಲೋಮೀಟರ್ ಇದೆ, 2011ರಲ್ಲಿ ಘೋಷಣೆಯಾಗಿದ್ದು. ಅಲ್ಲಿ ಕಲ್ಲು ನೆಡಬಹುದು, ಚೆಕ್‌ಪೋಸ್ಟ್ ಇಡಬಹುದು, ಗಾರ್ಡ್ ನಡೆದುಕೊಂಡೇ ಗಸ್ತು ತಿರುಗಬಹುದು. ಕಡಲಲ್ಲಿ ಇದ್ಯಾವುದೂ ನಡೆಯುವುದಿಲ್ಲ. ದೋಣಿ ಬೇಕು, ಎಂಜಿನ್ ಬೇಕು, ಅಲ್ಲಿನ ನೀರು–ಗಾಳಿ–ಬಂಡೆ ಗೊತ್ತಿರುವ ತಾಂಡೇಲ, ಅಂದರೆ ದೋಣಿ ನಡೆಸುವವನು, ಬೇಕು. ಗಡಿ ತೋರಿಸಲು ನೀರಿನ ಮೇಲೆ ತೇಲುವ ಬೋಯಾ ಬೇಕು. ಆ ಬೋಯಾಕ್ಕೆ ಒಂದು ಸರಪಳಿ, ಸರಪಳಿ ಹಿಡಿದುಕೊಳ್ಳಲು ತಳದಲ್ಲಿ ಒಂದು ಕಾಂಕ್ರೀಟ್ ದಿಮ್ಮಿ. ಉಪ್ಪು ನೀರು ಸರಪಳಿಯನ್ನು ತಿನ್ನುತ್ತದೆ, ಮಳೆಗಾಲದ ಅಲೆ ಅದನ್ನು ಕಿತ್ತು ಎಲ್ಲೋ ಒಯ್ಯುತ್ತದೆ. ಮಳೆ ಮುಗಿದ ಮೇಲೆ ಮತ್ತೆ ಹುಡುಕಿ, ಸರಿಪಡಿಸಿ, ಕಟ್ಟಬೇಕು. ಬೋಯಾ ಇಲ್ಲದಿದ್ದರೆ ದೋಣಿಯಲ್ಲಿ ಬಂದವನಿಗೆ ತಾನು ಗಡಿಯ ಒಳಗಿದ್ದೇನೋ ಹೊರಗಿದ್ದೇನೋ ಗೊತ್ತಾಗುವುದಿಲ್ಲ, ಗೊತ್ತಾಗದವನ ಮೇಲೆ ಕೇಸ್ ಹಾಕುವುದು ನ್ಯಾಯವೂ ಅಲ್ಲ.

ಇದರ ಮೇಲೆ ಡೀಸೆಲ್, ಸಿಬ್ಬಂದಿ ಪಗಾರ, ನೀರಿನಡಿ ಇಳಿದು ಹವಳ–ಮೀನು ಎಣಿಸುವ ಮುಳುಗುಗಾರರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 83 ಕಡಲ ಸಂರಕ್ಷಿತ ಪ್ರದೇಶಗಳ ಲೆಕ್ಕ ನೋಡಿತು. ಖರ್ಚಿನ ಪ್ರಕಾರ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬಂದದ್ದು ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ 775 ಡಾಲರ್. ಮುಖ್ಯ ವಿಷಯ ಬೇರೆ ಇದೆ: ಪ್ರದೇಶ ಚಿಕ್ಕದಾದಷ್ಟೂ, ದಂಡೆಗೆ ಹತ್ತಿರವಾದಷ್ಟೂ ಕಿಲೋಮೀಟರ್ ಲೆಕ್ಕದ ಖರ್ಚು ಜಾಸ್ತಿ. ಅಪ್ಸರಕೊಂಡ ಚಿಕ್ಕದೂ ಹೌದು, ದಂಡೆಗೆ ಅಂಟಿಕೊಂಡದ್ದೂ ಹೌದು. ಆ ಹಳೆಯ ದರದಲ್ಲೇ ಹಿಡಿದರೂ ವರ್ಷಕ್ಕೆ 45 ಸಾವಿರ ಡಾಲರ್ ದಾಟುತ್ತದೆ, ನಿಜವಾದ ಖರ್ಚು ಅದಕ್ಕಿಂತ ಮೇಲೇ ಇರಬೇಕು.

ದೊಡ್ಡ ಮೊತ್ತವೇನಲ್ಲ, ರಾಜ್ಯ ಸರ್ಕಾರಕ್ಕೆ ಭಾರವೂ ಅಲ್ಲ. ತೊಂದರೆ ಇರುವುದು ಅದು ಪ್ರತಿ ವರ್ಷ ಬೇಕು ಅನ್ನುವುದರಲ್ಲಿ. ಯೋಜನೆಯ ಮೊದಲ ವರ್ಷ ದೋಣಿ ಬರುತ್ತದೆ, ಫೋಟೋ ಬರುತ್ತದೆ, ಮೂರನೇ ವರ್ಷ ಎಂಜಿನ್ ಕೆಟ್ಟಾಗ ರಿಪೇರಿಗೆ ಯಾವ ಬಾಬತ್ತಿನಿಂದ ತೆಗೆಯುವುದು ಅಂತ ಫೈಲು ಓಡಾಡುತ್ತದೆ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ಹೀಗೇ ಆಯಿತು. 1979ರಲ್ಲಿ ಕಡಲ ಉದ್ಯಾನ ಮಾಡಿದರು, ಹೊರಗಿನ ಅನುದಾನ ಇತ್ತು. ಅನುದಾನ ಮುಗಿಯಿತು, 1984ರ ಹೊತ್ತಿಗೆ ಕಾಯುವವರೇ ಇಲ್ಲದಂತಾಯಿತು. ಏಳು ವರ್ಷ ಅದು ಕಾಗದದ ಮೇಲಷ್ಟೇ ಇತ್ತು. 1992ರಿಂದ ನೀರಿಗಿಳಿಯುವ ಪ್ರತಿ ಡೈವರ್‌ನಿಂದ ವರ್ಷಕ್ಕೆ 10 ಡಾಲರ್ ವಸೂಲಿ ಶುರು ಮಾಡಿದ ಮೇಲೆ ಉದ್ಯಾನ ಮತ್ತೆ ಉಸಿರಾಡಿತು.

ನಮಗೆ ಹತ್ತಿರದ ಪಾಠ ಮಾಲ್ವಣದಲ್ಲಿದೆ. ಬೆಳಗಾವಿಯಿಂದ ಮೂರ್ನಾಲ್ಕು ತಾಸಿನ ದಾರಿ. ಸಿಂಧುದುರ್ಗ ಕೋಟೆಯ ಸುತ್ತಮುತ್ತಲ 29 ಚದರ ಕಿಲೋಮೀಟರ್ ನೀರನ್ನು ಮಹಾರಾಷ್ಟ್ರ ಸರ್ಕಾರ 1987ರಲ್ಲೇ ಕಡಲ ಅಭಯಾರಣ್ಯ ಅಂತ ಘೋಷಿಸಿತು. ನಮ್ಮವರು ಅಲ್ಲಿಗೆ ಹೋಗಿ ಸ್ನಾರ್ಕೆಲಿಂಗ್ ಮಾಡುತ್ತಾರೆ, ಕನ್ನಡಕ ಹಾಕಿಕೊಂಡು ನೀರಿನೊಳಗೆ ಹವಳ ನೋಡಿ ಬರುತ್ತಾರೆ, ಆದರೆ ಅದು ಅಭಯಾರಣ್ಯ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಾಗುವಂಥ ಕುರುಹೂ ಕಡಿಮೆ. ಕಾರಣ ಸರಳ: ಸ್ಥಳೀಯ ಮೀನುಗಾರರು ಮೊದಲ ದಿನದಿಂದ ವಿರೋಧಿಸಿದರು. ಅವರು ವಿರೋಧಿಸಿದ್ದು ಹವಳವನ್ನಲ್ಲ. ತಮ್ಮ ಅಜ್ಜನ ಕಾಲದಿಂದ ಬಲೆ ಬೀಸಿದ ನೀರಿಗೆ ಗೆರೆ ಎಳೆದಾಗ ಆಗುವ ಲುಕ್ಸಾನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನುವುದನ್ನು.

ನಾನು ಹೇಳಬೇಕಾದದ್ದೂ ಇದೇ. ಖರ್ಚು ಹಂಚಿಕೆ ಅಂದರೆ ನಾವು ಪಗಾರ, ದೋಣಿ, ಡೀಸೆಲ್ ಅಷ್ಟನ್ನೇ ಹಿಡಿಯುತ್ತೇವೆ, ಕೇಂದ್ರ ಎಷ್ಟು ರಾಜ್ಯ ಎಷ್ಟು ಅಂತ ಮಾತಾಡುತ್ತೇವೆ. ಆದರೆ ಕಡಲ ಸಂರಕ್ಷಣೆಯ ಎಲ್ಲಕ್ಕಿಂತ ದೊಡ್ಡ ಖರ್ಚು ಯಾವ ಬಜೆಟ್‌ನಲ್ಲೂ ಇರುವುದಿಲ್ಲ. ಅದು ಹಿಡಿಯದೇ ಬಿಟ್ಟ ಮೀನು. ಅದನ್ನು ಕೊಡುವವನು ದಂಡೆಯ ಮೇಲಿನ ಸಣ್ಣ ಬಲೆಯವನು, ಅವನು ಅದನ್ನು ರಸೀದಿ ಇಲ್ಲದೆ, ಹೇಳದೆ ಕೊಡುತ್ತಾನೆ.

ಬಾಗಲಕೋಟೆ, ವಿಜಯಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಊರೂರೇ ಮುಳುಗಿದ್ದನ್ನು ಕಂಡವರು ನಾವು. ಮುಳುಗಡೆ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಮೊದಲು ಹುಡುಕುವುದು ಉತಾರ, ಅಂದರೆ ಜಮೀನಿನ ಪಹಣಿ. ಉತಾರದಲ್ಲಿ ಹೆಸರಿದ್ದವನಿಗೆ ಪರಿಹಾರ. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತಕ್ಕೆ 2025ರಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಅಂತ ದರ ಒಪ್ಪಿತು. ಅದೇ ಹೊಲದಲ್ಲಿ ಕೂಲಿ ಮಾಡಿದವರಿಗೆ, ಆ ಹೊಳೆಯಲ್ಲಿ ದೋಣಿ ಹಾಕಿದ ಅಂಬಿಗರಿಗೆ ಇಷ್ಟು ದೊಡ್ಡ ಮಾತು ಯಾರೂ ಯಾವತ್ತೂ ಆಡಿಲ್ಲ. ಭೀಮಗಡದ ಒಳಗಿನ ತಳೇವಾಡಿಯಿಂದ ಹೊರಬರಲು ಒಪ್ಪಿದ ಕುಟುಂಬಗಳಿಗೆ 15 ಲಕ್ಷದ ಪ್ಯಾಕೇಜ್ ಇದೆ, ಯಾಕಂದರೆ ಅಲ್ಲಿ ಮನೆ ಇದೆ, ಎಣಿಸಲು ಬರುತ್ತದೆ. ಕಡಲಿಗೆ ಮಾತ್ರ ಉತಾರವೇ ಇಲ್ಲ. ಸರ್ವೆ ನಂಬರ್ ಇಲ್ಲದ ನೀರಿನಲ್ಲಿ ದುಡಿಯುವವನು ಏನು ಕಳಕೊಂಡ ಅಂತ ಯಾವ ಕಚೇರಿಗೆ ತೋರಿಸುತ್ತಾನೆ?

ಬಡ ದೇಶದ ಸಮಸ್ಯೆ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಖರ್ಚು ಹಂಚಿಕೆಯಲ್ಲಿ ಜಗತ್ತಿಗೇ ಮಾದರಿ. 1979ರ ಒಪ್ಪಂದದ ಮೇಲೆ ಕೇಂದ್ರ ಸರ್ಕಾರವೂ ಕ್ವೀನ್ಸ್‌ಲ್ಯಾಂಡ್ ರಾಜ್ಯವೂ ಗಸ್ತಿನ ಖರ್ಚನ್ನು ಅರ್ಧರ್ಧ ಹಾಕುತ್ತಾ ಬಂದಿವೆ. 1993ರಿಂದ ಪ್ರವಾಸಿಗರಿಂದಲೂ ದಿನದ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುತ್ತಾರೆ. ಇಷ್ಟು ಅಚ್ಚುಕಟ್ಟಾದವರು ಕೂಡ 2004ರಲ್ಲಿ, ಮೀನು ಹಿಡಿಯಬಾರದ ಭಾಗವನ್ನು 5 ಶೇಕಡಾಕ್ಕಿಂತ ಕಡಿಮೆಯಿಂದ 33 ಶೇಕಡಾಕ್ಕೆ ಏರಿಸಿದಾಗ, ಮೀನುಗಾರರ ನಷ್ಟವನ್ನು ತೀರಾ ಸಣ್ಣದಾಗಿ ಅಂದಾಜು ಮಾಡಿದ್ದರು. ಆಮೇಲೆ ಅರ್ಜಿಗಳು ಬಂದವು, ಬರೀ ದೋಣಿಯವರಲ್ಲ, ಐಸ್ ಕಾರ್ಖಾನೆಯವರು, ಬಲೆ ಮಾರುವವರು, ಮೀನು ಸಂಸ್ಕರಣೆ ಮಾಡುವವರು. ಕೊನೆಗೆ ಬಿಲ್ಲು 20 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. ಅವರ ಹತ್ತಿರ ದುಡ್ಡಿತ್ತು, ಕೊಟ್ಟರು. ನಮ್ಮಲ್ಲಿ ಅದೇ ಖರ್ಚು ಇಲ್ಲದಂತೆ ಕಾಣುತ್ತದೆ, ಯಾಕಂದರೆ ಬಿಲ್ಲು ಯಾರಿಗೂ ಹೋಗುವುದಿಲ್ಲ. ಅದು ಮೀನುಗಾರನ ಮನೆಯಲ್ಲೇ ಉಳಿಯುತ್ತದೆ.

ಮೀನು ಹೆಚ್ಚಾದರೆ ಮೀನುಗಾರನಿಗೇ ಲಾಭ ತಾನೇ ಅಂತ ಒಂದು ವಾದ ಇದೆ. ನಿಜ, ಸುಳ್ಳಲ್ಲ. ಮೆಕ್ಸಿಕೋದ ಕಾಬೋ ಪುಲ್ಮೋ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 1995ರಲ್ಲಿ ಅಲ್ಲಿನ ಮೀನುಗಾರ ಕುಟುಂಬಗಳೇ ಮುಂದೆ ನಿಂತು ತಮ್ಮ ನೀರನ್ನು ಉದ್ಯಾನ ಮಾಡಿಸಿಕೊಂಡರು. 1999ರಿಂದ 2009ರ ನಡುವೆ ಅಲ್ಲಿನ ಮೀನಿನ ಒಟ್ಟು ತೂಕ 460 ಶೇಕಡಾಕ್ಕಿಂತ ಜಾಸ್ತಿ ಏರಿತು. ಇದನ್ನು ಓದಿದರೆ ಯಾರಿಗಾದರೂ ಸಂತೋಷವಾಗುತ್ತದೆ. ಆದರೆ ಇಸವಿಗಳನ್ನು ಇನ್ನೊಮ್ಮೆ ನೋಡಿ. ಹತ್ತು ವರ್ಷ ಹಿಡಿಯಿತು. ಹತ್ತು ವರ್ಷ ಮನೆಯಲ್ಲಿ ಒಲೆ ಉರಿಯಬೇಕು, ಮಕ್ಕಳ ಫೀ ಕಟ್ಟಬೇಕು, ದೋಣಿಯ ಸಾಲದ ಕಂತು ಕಟ್ಟಬೇಕು. ಈ ನಡುವಿನ ವರ್ಷಗಳ ಖರ್ಚನ್ನು ಹೊರುವವರು ಯಾರು ಅನ್ನುವುದು ಇತ್ಯರ್ಥವಾಗದೆ, ಹತ್ತು ವರ್ಷದ ನಂತರದ ಲಾಭದ ಮಾತಾಡಿ ಸಹಿ ಕೇಳಿದರೆ ಯಾರೂ ಹಾಕುವುದಿಲ್ಲ. ನಾನಾದರೂ ಹಾಕುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ದಾರಿಯೇ ಇಲ್ಲ ಅಂತಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡಲು ಬಿಡುವ 61 ದಿನ. ಇಂಥ ನಿಷೇಧ ಮತ್ತು ಕೆಲಸವಿಲ್ಲದ ಹಂಗಾಮಿಗೆ ಬಡ ಮೀನುಗಾರರಿಗೆ ಒಂದು ಉಳಿತಾಯ–ಪರಿಹಾರ ಯೋಜನೆ ಇದೆ. ಮೀನುಗಾರ ವರ್ಷದಲ್ಲಿ 1,500 ರೂಪಾಯಿ ಉಳಿಸುತ್ತಾನೆ, ಸರ್ಕಾರಗಳು 3,000 ಸೇರಿಸುತ್ತವೆ, ಒಟ್ಟು 4,500 ಮೂರು ತಿಂಗಳಿಗೆ ಹಂಚಿ ಕೈಗೆ ಬರುತ್ತದೆ. ತಿಂಗಳಿಗೆ 1,500. ಇದರಲ್ಲಿ ಮನೆ ನಡೆಯುತ್ತದಾ? ಇಲ್ಲ. ಆದರೆ ತತ್ವ ಸರಿಯಿದೆ: ಮೀನಿಗೆ ಬಿಡುವು ಕೊಡುವುದು ಎಲ್ಲರ ಒಳಿತಿಗೆ, ಹಾಗಾಗಿ ಅದರ ಖರ್ಚಿನಲ್ಲಿ ಎಲ್ಲರ ಕೈ ಇರಬೇಕು. ತತ್ವ ಒಪ್ಪಿದ ಮೇಲೆ ಮೊತ್ತದ ಬಗ್ಗೆ ಜಗಳವಾಡಬಹುದು.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು. ಮಹಾರಾಷ್ಟ್ರ 2018ರ ಕೊನೆಗೆ ತಂದ ವ್ಯವಸ್ಥೆ. ಬಲೆಗೆ ಕಡಲಾಮೆಯೋ ತಿಮಿಂಗಿಲ ಶಾರ್ಕ್‌ ಮೀನೋ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ. ತಿಮಿಂಗಿಲ ಶಾರ್ಕ್ ಆದರೆ ಟನ್‌ಗಟ್ಟಲೆ ತೂಗುವ ಪ್ರಾಣಿ, ಒದ್ದಾಡಿದರೆ ದೋಣಿಯೇ ಅಲುಗಾಡುತ್ತದೆ. ಬಿಡಿಸಲು ಬಲೆ ಕತ್ತರಿಸಲೇಬೇಕು. ಬಲೆ ಅಂದರೆ ಸಣ್ಣ ದುಡ್ಡಲ್ಲ, ಅವತ್ತಿನ ಹಿಡಿತವೂ ಹೋಯಿತು. ಮೀನುಗಾರ ಬಲೆ ಕತ್ತರಿಸಿ ಪ್ರಾಣಿಯನ್ನು ಬಿಡುತ್ತಾನೆ, ಮೊಬೈಲ್‌ನಲ್ಲಿ ಫೋಟೋ–ವಿಡಿಯೋ ತೆಗೆದಿಟ್ಟುಕೊಳ್ಳುತ್ತಾನೆ, ಅದನ್ನು ತೋರಿಸಿ ಅರ್ಜಿ ಹಾಕಿದರೆ 25 ಸಾವಿರದವರೆಗೆ ಪರಿಹಾರ. ಇಲ್ಲಿ ಖರ್ಚು ಏನು, ಕೊಟ್ಟವನು ಯಾರು, ಲಾಭ ಯಾರಿಗೆ ಅನ್ನುವ ಮೂರೂ ಕಣ್ಣೆದುರೇ ಇದೆ. ಬರೀ ಹೆದರಿಸಿ ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಹೊನ್ನಾವರದ ದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಇಂಥದೊಂದು ವ್ಯವಸ್ಥೆ ಅಲ್ಲಿಗೂ ಹೊಂದುತ್ತದೆ.

ಸರಿ, ಹಾಗಾದರೆ ಯಾರು ಎಷ್ಟು ಹಾಕಬೇಕು? ಊರ ಜಾತ್ರೆಗೆ ಪಟ್ಟಿ ಹಾಕುವಾಗ ಅಂಗಡಿಯವನಿಗೆ ಒಂದು, ಗಿರಣಿಯವನಿಗೆ ಒಂದು, ಕೂಲಿಯವನಿಗೆ ಒಂದು ಅಂತ ಹಿರಿಯರು ಕೂತು ಗೊತ್ತು ಮಾಡುತ್ತಾರಲ್ಲ, ಅದೇ ಬುದ್ಧಿ ಇಲ್ಲಿಗೂ ಸಾಕು.

ಕೇಂದ್ರ–ರಾಜ್ಯದ ಪಾಲು ಈಗಾಗಲೇ ಗೊತ್ತಾಗಿದೆ. ವನ್ಯಜೀವಿ ನೆಲೆಗಳ ಕೇಂದ್ರ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ 60:40. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ದುಡ್ಡು ಹೊತ್ತಿಗೆ ಬಂದರೆ ಸಾಕು.

ಪ್ರವಾಸಿಗರದ್ದು ಸ್ವಲ್ಪ ಎಚ್ಚರದಿಂದ ಮಾಡಬೇಕಾದ ಲೆಕ್ಕ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರು, ಮಾಲ್ವಣದಲ್ಲಿ ನೀರಿಗಿಳಿಯುವವರು ಟಿಕೆಟ್ ಮೇಲೆ ಸ್ವಲ್ಪ ಜಾಸ್ತಿ ಕೊಟ್ಟರೆ ಯಾರಿಗೂ ಹೊರೆಯಾಗದು. ಆದರೆ ಆ ದುಡ್ಡು ಬೆಂಗಳೂರಿನ ಖಜಾನೆಗೆ ಹೋಗಿ ಕರಗಬಾರದು, ಅಲ್ಲಿನ ಮೀನುಗಾರರ ಸಂಘದ ಖಾತೆಗೆ ಒಂದು ಭಾಗ ನೇರವಾಗಿ ಬೀಳಬೇಕು. ಪ್ರವಾಸದ ದುಡ್ಡೊಂದನ್ನೇ ನಂಬುವುದೂ ಅಪಾಯ. ಪಲಾವು ಅನ್ನುವ ಪುಟ್ಟ ದ್ವೀಪ ದೇಶ 2018ರಿಂದ ಪ್ರತಿ ಪ್ರವಾಸಿಯ ವಿಮಾನ ಟಿಕೆಟ್‌ನಲ್ಲೇ 100 ಡಾಲರ್ ಪರಿಸರ ಶುಲ್ಕ ಸೇರಿಸಿತು, 2020ರಲ್ಲಿ ತನ್ನ ಕಡಲಿನ 80 ಶೇಕಡಾ ಭಾಗವನ್ನು ಸಂರಕ್ಷಿಸಿತು. ಅದೇ ವರ್ಷ ಕೊರೊನಾ ಬಂತು, ವಿಮಾನ ನಿಂತವು, ಶುಲ್ಕವೂ ನಿಂತಿತು. ಕಡಲು ಕಾಯುವ ಕೆಲಸ ಮಾತ್ರ ನಿಲ್ಲಿಸುವಂತಿರಲಿಲ್ಲ.

ಬಂದರು, ಹಡಗು, ತೈಲದ ಪೈಪ್‌ಲೈನ್ ನಡೆಸುವವರ ಪಾಲು ಎಲ್ಲರಿಗಿಂತ ದೊಡ್ಡದಿರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗುಜರಾತಿನ ಕಚ್ಛ್ ಕೊಲ್ಲಿಯ ಕಡಲ ಉದ್ಯಾನ ದೇಶದಲ್ಲೇ ಮೊದಲನೆಯದು, 1982ರದ್ದು. ಅದರ ಸುತ್ತಲೇ ತೈಲ ಸಂಸ್ಕರಣಾಗಾರಗಳು ಬೆಳೆದವು, ಪೈಪ್‌ಲೈನ್‌ಗಳು ಹಾಯ್ದವು. ಸಣ್ಣ ಬಲೆಯವನನ್ನು ಹೊರಗಿಟ್ಟು ದೊಡ್ಡ ಹಡಗಿಗೆ ದಾರಿ ಬಿಡುವ ಸಂರಕ್ಷಣೆಯನ್ನು ದಂಡೆಯವರು ಯಾಕೆ ನಂಬಬೇಕು?

ಇನ್ನು ನಮ್ಮ ಪಾಲು. ಘಾಟ್ ಮೇಲಿನ ಜನ ತಿನ್ನುವ ಮೀನಿನ ಮೇಲೆ ಸೆಸ್ ಹಾಕಬಹುದು ಅಂತ ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಸೆಸ್ ಬಿದ್ದರೆ ಮೊದಲು ತುಟ್ಟಿಯಾಗುವುದು ಪಾಪ್ಲೆಟ್ ತಿನ್ನುವವನಿಗಲ್ಲ, ತಾರ್ಲೆ, ಬಂಗಡೆ ತಿನ್ನುವ ಬಡವನಿಗೆ. ನಮ್ಮ ಪಾಲು ರಾಜ್ಯದ ಬೊಕ್ಕಸದಿಂದ ಹೋಗಬೇಕು. ಅದಕ್ಕೆ ನಮ್ಮ ಒಪ್ಪಿಗೆ ಬೇಕು, ಒಪ್ಪಿಗೆ ಕೊಡುವ ಜಾಗ ನಮ್ಮ ಊರಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಯಿಂದ ವಿಧಾನಸಭೆಗೆ 33 ಶಾಸಕರು ಹೋಗುತ್ತಾರೆ, ಕರಾವಳಿಯ ಮೂರು ಜಿಲ್ಲೆಯಿಂದ 19. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಉತ್ತರ ಕರ್ನಾಟಕದ ನೀರಾವರಿಗೆ ದುಡ್ಡು ಕೇಳುತ್ತೇವೆ, ಕೇಳಲೇಬೇಕು. ಅದೇ ಸದನದಲ್ಲಿ ಹೊನ್ನಾವರದ ಮೀನುಗಾರನ ಪರಿಹಾರದ ಬಾಬತ್ತು ಬಂದಾಗ ನಮ್ಮ 33 ಜನ ಸುಮ್ನೆ ಕೂರಬಾರದು.

ನಮಗೆ ಕಡಲಿನ ಋಣ ಪೂರ್ವದ ಕಡೆಗೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಹರಿದು ಹೋಗಿ ಸೇರುವುದು ಬಂಗಾಳ ಕೊಲ್ಲಿಗೆ. ಆಲಮಟ್ಟಿಯಿಂದ ಹಿಡಿದು ಕೆಳಗಿನ ಎಲ್ಲ ಅಣೆಕಟ್ಟುಗಳಲ್ಲೂ ಹೂಳು ನಿಂತು, ಕೃಷ್ಣಾ ಮುಖಜ ಭೂಮಿಗೆ ಹೋಗಬೇಕಾದ ಮಣ್ಣು ಬಹಳ ಕಡಿಮೆಯಾಗಿದೆ, ಅಲ್ಲಿನ ದಂಡೆ ಸವೆಯುತ್ತಿದೆ. ಆಂಧ್ರದ ಕೃಷ್ಣಾ ಅಭಯಾರಣ್ಯದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇರುವುದು ಅದೇ ದಂಡೆಯಲ್ಲಿ. ನಮ್ಮ ಹೊಳೆಗೆ ಬಿಟ್ಟ ಹೊಲಸು ನೀರು, ಪ್ಲಾಸ್ಟಿಕ್ ಹೋಗುವ ದಾರಿಯೂ ಅದೇ. ಕಡಲಿನ ಖರ್ಚಿನಲ್ಲಿ ಮೇಲಿನವರ ಪಾಲಿಲ್ಲ ಅನ್ನಲು ನಮಗೆ ಬಾಯಿಲ್ಲ.

ಲೆಕ್ಕ ಸರಿಯಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಿರಿಬಾಟಿ ಸಾಕು. ಪೆಸಿಫಿಕ್ ಸಾಗರದ ಈ ಬಡ ದೇಶ ತನ್ನ ಫೀನಿಕ್ಸ್ ದ್ವೀಪಗಳ ಸುತ್ತಲಿನ 4 ಲಕ್ಷ ಚದರ ಕಿಲೋಮೀಟರ್ ಕಡಲನ್ನು ಸಂರಕ್ಷಿಸಿ, 2015ರಲ್ಲಿ ಅಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸಿತು. ವಿದೇಶಿ ಹಡಗುಗಳಿಗೆ ಟ್ಯೂನಾ ಹಿಡಿಯಲು ಕೊಡುವ ಲೈಸೆನ್ಸ್ ದುಡ್ಡೇ ಆ ದೇಶದ ದೊಡ್ಡ ಆದಾಯ. ಬಿಟ್ಟುಕೊಟ್ಟ ಆದಾಯವನ್ನು ಒಂದು ನಿಧಿ ತುಂಬಿಕೊಡಬೇಕು ಅನ್ನುವುದು ಮೂಲ ಯೋಚನೆಯಾಗಿತ್ತು. ನಿಧಿ ಬೇಕಾದಷ್ಟು ಬೆಳೆಯಲಿಲ್ಲ. 2021ರಲ್ಲಿ ಕಿರಿಬಾಟಿ ಆ ನೀರನ್ನು ಮತ್ತೆ ಮೀನುಗಾರಿಕೆಗೆ ತೆರೆಯುವುದಾಗಿ ಹೇಳಿತು. ಹೊರಗಿನವರು ಬೇಜಾರು ಮಾಡಿಕೊಂಡರು. ನನಗೆ ಆ ದೇಶದ ಮೇಲೆ ಸಿಟ್ಟು ಬರುವುದಿಲ್ಲ. ಜಗತ್ತಿಗೆ ಬೇಕಾದ ಕೆಲಸದ ಖರ್ಚನ್ನು ಅವರೊಬ್ಬರೇ ಎಷ್ಟು ದಿನ ಹೊರಬೇಕಿತ್ತು?

ಅಪ್ಸರಕೊಂಡಕ್ಕೆ ಬಂದರೆ, ಕಾನೂನಿನಲ್ಲೇ ಒಂದು ಗಟ್ಟಿ ಹಿಡಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಪ್ರಕಾರ ಕಡಲ ನೀರನ್ನು ಅಭಯಾರಣ್ಯಕ್ಕೆ ಸೇರಿಸುವ ಮುಂಚೆ ಕೇಂದ್ರದ ಒಪ್ಪಿಗೆ ಬೇಕು, ಗಡಿಯನ್ನು ನೌಕಾಪಡೆಯ ಮುಖ್ಯ ಜಲಮಾಪನ ಅಧಿಕಾರಿಯ ಜೊತೆ ಸಮಾಲೋಚಿಸಿ ಗೊತ್ತು ಮಾಡಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಸಾಕಷ್ಟು ಕ್ರಮ ತೆಗೆದುಕೊಂಡ ಮೇಲೆಯೇ ಅದನ್ನು ನಿರ್ಧರಿಸಬೇಕು. ಅಂದರೆ ಮೊದಲು ಮೀನುಗಾರ, ಆಮೇಲೆ ಗೆರೆ. ಆ ಕ್ರಮಕ್ಕೆ ದುಡ್ಡು ಎತ್ತಿಡದೆ ಗೆರೆ ಎಳೆದರೆ ಕಾಯ್ದೆಯ ಅರ್ಧವನ್ನಷ್ಟೇ ಪಾಲಿಸಿದಂತೆ.

ಪಟ್ಟಿ ಮಾಡುವಾಗ ದೋಣಿಯ ನೋಂದಣಿ ಇದ್ದವರ ಹೆಸರಷ್ಟೇ ಬರೆದುಕೊಂಡು ಹೋದರೆ ನಮ್ಮ ಉತಾರದ ಕತೆಯೇ ಅಲ್ಲೂ ಆಗುತ್ತದೆ. ಪಾಲಿಗೆ ದುಡಿಯುವ ಖಲಾಸಿ, ಬಲೆಯೇ ಇಲ್ಲದೆ ಕಲ್ಲುಬಂಡೆಯಲ್ಲಿ ಚಿಪ್ಪು ಆರಿಸುವವರು, ಬುಟ್ಟಿ ಹೊತ್ತು ಮೀನು ಮಾರುವ ಮತ್ತು ದಂಡೆಯಲ್ಲಿ ಒಣಮೀನು ಮಾಡುವ ಹೆಂಗಸರು, ಇವರ ಹೆಸರು ಮೀನುಗಾರರ ಸಂಘದ ವಹಿಯಲ್ಲಿ, ಸ್ವಸಹಾಯ ಗುಂಪಿನ ಪುಸ್ತಕದಲ್ಲಿ, ಸಂತೆಯ ಕರ ವಸೂಲಿ ಚೀಟಿಯಲ್ಲಿ ಹುಡುಕಿದರೆ ಸಿಗುತ್ತದೆ. ಆ ಪಟ್ಟಿ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಬಿಟ್ಟುಹೋದವರು ಎದ್ದು ನಿಂತು ಹೆಸರು ಸೇರಿಸಲು ದಿನ ಕೊಡಬೇಕು. ಬೋಯಾಕ್ಕೆ, ದೋಣಿಗೆ ಟೆಂಡರ್ ಕರೆಯುವುದು ಅದಾದ ಮೇಲೆ.